ಆರು ಹುಡುಗರು, ಒಬ್ಬ ಹುಡುಗ

2003ರಲ್ಲಿ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್' ಅನ್ನೋ ಅಮೆರಿಕದ ಪತ್ರಿಕೆಯಲ್ಲಿ ಒಂದು ಸಂಶೋಧನಾ ಪ್ರಬಂಧ ಬಂತು. ಎಂಡೋಸಲ್ಫಾನ್ ಸಿಂಪಡಿಸಿದ ಊರಿನ 117 ಹುಡುಗರನ್ನು, ಸಿಂಪಡಿಸದ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದ ಅಧ್ಯಯನ. ಮಾಡಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಅಂದರೆ ಐಸಿಎಂಆರ್ ಕೆಳಗಿನ ಎನ್ಐಒಎಚ್. ಅದರಲ್ಲಿ ಒಂದು ಕಡೆ ಹೀಗೊಂದು ಮಾತು ಬರುತ್ತೆ: ಹುಟ್ಟಿನಿಂದಲೇ ಹರ್ನಿಯಾ ಇರೋದು, ವೃಷಣ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿರೋದು, ಇಂಥ ತೊಂದರೆಗಳು ಮೊದಲ ಊರಲ್ಲಿ ಶೇ. 5.1, ಎರಡನೇ ಊರಲ್ಲಿ ಶೇ. 1.1. ಆದರೆ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಸಿಗ್ನಿಫಿಕೆಂಟ್ ಅಲ್ಲ.

ಶೇಕಡಾವಾರನ್ನು ಬಿಟ್ಟು ತಲೆ ಎಣಿಸಿ ನೋಡಿ. 117ರಲ್ಲಿ ಆರು ಹುಡುಗರು. 90ರಲ್ಲಿ ಒಬ್ಬ ಹುಡುಗ.

ನಾನು ದಿನಾ ಅನ್ನ ತಿನ್ನೋದೇ ಇಂಥ ಅಂಕಿಗಳಿಂದ. ಎರಡು ಗುಂಪು, ಎರಡು ಶೇಕಡಾ, ಕೆಳಗೊಂದು ಪಿ-ವ್ಯಾಲ್ಯೂ. ಹಾಗಾಗಿ ಈ ಪ್ರಬಂಧವನ್ನು ಒಬ್ಬ ಡೇಟಾ ಕೂಲಿಯಾಗಿ ಓದಿದೆ. ಓದಿ ಮುಗಿಸಿದ ಮೇಲೆ ಅನ್ನಿಸಿದ್ದನ್ನು ಇಲ್ಲಿ ಬರೀತಿದ್ದೀನಿ. ಪ್ರಬಂಧದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಓದಿದವರ ಮೇಲೆ ಇದೆ. ಅದಕ್ಕಿಂತ ಹೆಚ್ಚಾಗಿ, ಅದರ ಆಸುಪಾಸು ಕೇಳದೇ ಉಳಿದ ಪ್ರಶ್ನೆಯೊಂದರ ಬಗ್ಗೆ ಇದೆ.

ಮೊದಲು ಊರಿನ ಪರಿಚಯ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆ. ಆಡಳಿತ ಕೇರಳದ್ದು, ಮನೆಮಾತು ಬಹುಪಾಲು ಕನ್ನಡ, ತುಳು. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಗುಡ್ಡದ ಕೆಳಗೆ ಮನೆ, ಅಡಿಕೆ ತೋಟ, ತೋಡು, ಬಾವಿ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಜಿನುಗುವ ನೀರನ್ನೇ ಕುಡಿಯೋ ಜನ. ಗೇರಿಗೆ ಟೀ ಸೊಳ್ಳೆ ಕಾಟ. ಅದಕ್ಕೆ ಮದ್ದಾಗಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಮೇಲೆ ಬಿದ್ದದ್ದು ಮಳೆ ಬಂದಾಗ ಕೆಳಗೆ ಇಳಿಯಲೇಬೇಕು. ಇದಕ್ಕೆ ವಿಜ್ಞಾನಿ ಬೇಕಿಲ್ಲ, ಗುಡ್ಡ ಹತ್ತಿದವರಿಗೆಲ್ಲ ಗೊತ್ತು.

ಏನೋ ಸರಿಯಿಲ್ಲ ಅಂತ ಮೊದಲು ಕಂಡದ್ದು ಊರಲ್ಲೇ ಇದ್ದವರಿಗೆ. ವಾಣಿನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ತಮ್ಮ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯತೆ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಇವೆಲ್ಲ ಒಂದೇ ಜಾಗದಲ್ಲಿ ಇಷ್ಟೊಂದು ಯಾಕೆ ಅನ್ನಿಸಿತು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ಹೇಳಿದರು. ಜಿಲ್ಲೆಯ ಇನ್ನೊಂದು ಮೂಲೆಯ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2000ದಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟು ವೈಮಾನಿಕ ಸಿಂಪಡಣೆಗೆ ತಡೆ ಹಾಕಿತು. ಮರುವರ್ಷ ದೆಹಲಿಯ ಸಿಎಸ್ಇ ಸಂಸ್ಥೆ ಪಡ್ರೆಯ ರಕ್ತ, ನೀರು, ಹಾಲು ತಗೊಂಡು ಹೋಗಿ ಪರೀಕ್ಷಿಸಿ ವಿಷ ಇದೆ ಅಂದಿತು. ಪ್ಲಾಂಟೇಶನ್ ಕಾರ್ಪೊರೇಶನ್ ಬೇರೊಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು, ಅವರು ಅಂಥದ್ದೇನೂ ಇಲ್ಲ ಅಂದರು. ಈ ಜಗಳದ ಮಧ್ಯೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಐಸಿಎಂಆರ್ ಅನ್ನು ಕೇಳಿತು. ಹಾಗೆ ಬಂದದ್ದು ಎನ್ಐಒಎಚ್ ತಂಡ.

ಆ ತಂಡ ಒಳ್ಳೆಯ ಕೆಲಸ ಮಾಡಿತು ಅಂತ ಮೊದಲೇ ಹೇಳಿಬಿಡ್ತೀನಿ. ಸುಮ್ಮನೆ ಕಾಯಿಲೆಗಳ ಪಟ್ಟಿ ಮಾಡಿ ಎದ್ದು ಹೋಗಲಿಲ್ಲ. 10ರಿಂದ 19 ವರ್ಷದ ಹುಡುಗರ ಬೆಳವಣಿಗೆಯನ್ನು ಹಂತ ಹಂತವಾಗಿ ಗುರುತು ಹಾಕಿದರು, ರಕ್ತದಲ್ಲಿ ಹಾರ್ಮೋನು ಅಳೆದರು, ಎಂಡೋಸಲ್ಫಾನ್ ಉಳಿಕೆ ಅಳೆದರು. ಪಡ್ರೆಯ ಹುಡುಗರ ರಕ್ತದಲ್ಲಿ ಸರಾಸರಿ 7.47 ಪಿಪಿಬಿ, ಇನ್ನೊಂದು ಊರಿನವರಲ್ಲಿ 1.37. ವಯಸ್ಸಿನ ಲೆಕ್ಕ ತೆಗೆದ ಮೇಲೂ, ಸಿಂಪಡಣೆಗೆ ಒಡ್ಡಿಕೊಂಡವರ ಪ್ರಾಯಕ್ಕೆ ಬರುವ ಬೆಳವಣಿಗೆ ತಡ, ಟೆಸ್ಟೊಸ್ಟೆರಾನ್ ಕಡಿಮೆ. ಈ ವ್ಯತ್ಯಾಸ ಸಿಗ್ನಿಫಿಕೆಂಟ್ ಆಗಿತ್ತು. ಪ್ರಬಂಧದ ತೀರ್ಮಾನವೂ ಅಳೆದು ತೂಗಿದ್ದು: ಎಂಡೋಸಲ್ಫಾನ್ ಗಂಡುಮಕ್ಕಳ ಲೈಂಗಿಕ ಬೆಳವಣಿಗೆಯನ್ನು ತಡಮಾಡಬಹುದು, ಹಾರ್ಮೋನು ತಯಾರಿಗೆ ಅಡ್ಡಿ ಮಾಡಬಹುದು. ನಮ್ಮ ಸ್ಯಾಂಪಲ್ ಸಣ್ಣದು, ಭಾಗವಹಿಸದೇ ಹೋದವರೂ ಇದ್ದಾರೆ ಅಂತ ಅವರೇ ಹೇಳಿಕೊಂಡಿದ್ದಾರೆ. ಪ್ರಾಯದ ಹುಡುಗರಿಗೆ ಬಟ್ಟೆ ಬಿಚ್ಚಿ ನಿಲ್ಲು ಅಂದರೆ ಎಷ್ಟು ಜನ ನಿಲ್ತಾರೆ, ನೀವೇ ಊಹಿಸಿ.

ಈಗ ಆರು ಮತ್ತು ಒಂದಕ್ಕೆ ವಾಪಸ್ ಬರೋಣ.

ಆಫೀಸಿನಲ್ಲಿ ಎ/ಬಿ ಟೆಸ್ಟ್ ಮಾಡೋರಿಗೆ ಇದು ದಿನನಿತ್ಯದ ಕಥೆ. ಬಟನ್ ಹಸಿರು ಮಾಡಿದ್ರೆ ಜಾಸ್ತಿ ಜನ ಒತ್ತುತ್ತಾರಾ ಅಂತ ನೂರಿನ್ನೂರು ಜನರ ಮೇಲೆ ನೋಡಿ 'ವ್ಯತ್ಯಾಸ ಸಿಗ್ನಿಫಿಕೆಂಟ್ ಅಲ್ಲ' ಅಂತ ರಿಪೋರ್ಟ್ ಕಳಿಸಿ ನೋಡಿ. ಮ್ಯಾನೇಜರ್ ಏನಂತಾರೆ? 'ಸ್ಯಾಂಪಲ್ ಸಾಲಲ್ಲ, ಇನ್ನೆರಡು ವಾರ ಓಡ್ಸಿ.' ಬಟನ್ನಿನ ಬಣ್ಣದಿಂದ ಏನೂ ಆಗಲ್ಲ ಅಂತ ಯಾರೂ ತೀರ್ಮಾನ ಮಾಡಲ್ಲ. ಗೊತ್ತಾಗಿಲ್ಲ ಅನ್ನೋದು ಬೇರೆ, ಏನೂ ಇಲ್ಲ ಅನ್ನೋದು ಬೇರೆ. ಇದು ಸ್ಟ್ಯಾಟಿಸ್ಟಿಕ್ಸಿನ ಒಂದನೇ ಕ್ಲಾಸಿನ ಪಾಠ.

ಸುಮ್ಮನೆ ಕೂರಲಾರದೆ ಲೆಕ್ಕ ಹಾಕಿದೆ. 6/117, 1/90. ಫಿಶರ್ ಟೆಸ್ಟ್ ಹಾಕಿದರೆ ಪಿ-ವ್ಯಾಲ್ಯೂ 0.14ರ ಹತ್ತಿರ ಬರುತ್ತೆ. ಅಂದರೆ ಎರಡು ಊರಿಗೂ ನಿಜಕ್ಕೂ ಏನೂ ವ್ಯತ್ಯಾಸ ಇಲ್ಲದಿದ್ದರೂ, ಬರೀ ಆಕಸ್ಮಿಕವಾಗಿ ಇಷ್ಟು ಅಂತರ ನೂರರಲ್ಲಿ ಹದಿನಾಲ್ಕು ಸಲ ಕಾಣಿಸಬಹುದು. ನಿಯಮದ ಗಡಿ ಐದು. ಹಾಗಾಗಿ 'ಅಲ್ಲ' ಅಂತ ಬರೆದದ್ದು ತಾಂತ್ರಿಕವಾಗಿ ಸರಿಯೇ. ಆದರೆ ಆಡ್ಸ್ ರೇಶಿಯೋದ ಹರವು ನೋಡಿ: ಸುಮಾರು ಅರ್ಧದಿಂದ ಶುರುವಾಗಿ ನಲವತ್ತರವರೆಗೆ ಹೋಗುತ್ತೆ. ಪಡ್ರೆಯಲ್ಲಿ ಈ ತೊಂದರೆ ಇನ್ನೊಂದು ಊರಿನ ಅರ್ಧದಷ್ಟೂ ಇರಬಹುದು, ನಲವತ್ತು ಪಟ್ಟೂ ಇರಬಹುದು, ಈ ಡೇಟಾದಿಂದ ಹೇಳಕ್ಕಾಗಲ್ಲ ಅಂತ ಅರ್ಥ. ಇಷ್ಟು ದೊಡ್ಡ ಅಂತರವನ್ನು ನಂಬಿಕೆಯಿಂದ ಹಿಡಿಯಬೇಕಾದರೆ ಒಂದೊಂದು ಊರಿನಿಂದ ಮುನ್ನೂರು ಹುಡುಗರ ಹತ್ತಿರ ಬೇಕಿತ್ತು. ಅಷ್ಟು ಜನ ಆ ವಯಸ್ಸಿನ, ಪರೀಕ್ಷೆಗೆ ಒಪ್ಪುವ ಹುಡುಗರು ಒಂದು ಗುಡ್ಡದ ಬುಡದಲ್ಲಿ ಎಲ್ಲಿಂದ ಸಿಗಬೇಕು?

ಹಳ್ಳಿಯ ಆರೋಗ್ಯ ಸಂಶೋಧನೆಯ ಮೂಲ ತೊಡಕೇ ಇದು. ಊರು ಚಿಕ್ಕದು. ಕಾಯಿಲೆ ಅಪರೂಪದ್ದು. ಎರಡೂ ಸೇರಿದರೆ ಅಂಕಿ ಯಾವತ್ತೂ ಗಡಿ ದಾಟಲ್ಲ. ದೊಡ್ಡ ನಗರದಲ್ಲಿ ಆಗಿದ್ದರೆ ಕಾಣುತ್ತಿದ್ದ ಹಾನಿ, ಚಿಕ್ಕ ಊರಲ್ಲಿ ಆದ ಒಂದೇ ಕಾರಣಕ್ಕೆ ಲೆಕ್ಕದಲ್ಲಿ ಮಾಯ.

ಎರಡನೇ ತಕರಾರು, ಯಾರನ್ನು ಎಣಿಸಿದರು ಅನ್ನೋದು. ಪ್ರಬಂಧ ನೋಡಿದ್ದು ಶಾಲೆಗೆ ಹೋಗುವ ಹುಡುಗರನ್ನು. ಔದ್ಯೋಗಿಕ ಆರೋಗ್ಯದವರು ಬಹಳ ಹಿಂದೆಯೇ ಗುರುತಿಸಿದ ಒಂದು ಮೋಸ ಇದೆ, 'ಹೆಲ್ದಿ ವರ್ಕರ್ ಎಫೆಕ್ಟ್' ಅಂತಾರೆ. ಫ್ಯಾಕ್ಟರಿಗೆ ಹೋಗಿ ಕೆಲಸಗಾರರನ್ನು ಪರೀಕ್ಷಿಸಿದರೆ ಅವರು ಊರಿನವರಿಗಿಂತ ಗಟ್ಟಿಮುಟ್ಟಾಗಿ ಕಾಣ್ತಾರೆ. ಯಾಕಂದರೆ ಧೂಳು ಕುಡಿದು ಕಾಯಿಲೆ ಬಿದ್ದವರು ಯಾವಾಗಲೋ ಕೆಲಸ ಬಿಟ್ಟು ಮನೆ ಸೇರಿರ್ತಾರೆ. ನೀವು ನೋಡ್ತಿರೋದು ಉಳಿದವರನ್ನು. ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಪಡ್ರೆಯಂಥ ಊರಲ್ಲಿ ಇದನ್ನು ಶಾಲೆಗೆ ಅನ್ವಯಿಸಿ ನೋಡಿ. ತಲೆ ನಿಲ್ಲದ ಮಗು, ದಿನಕ್ಕೆ ನಾಲ್ಕು ಸಲ ಫಿಟ್ಸ್ ಬರೋ ಮಗು, ಚಾಪೆ ಬಿಟ್ಟು ಏಳದ ಮಗು ಶಾಲೆಯ ಹಾಜರಿ ಪುಸ್ತಕದಲ್ಲಿ ಇರಲ್ಲ. ಆರು ಅನ್ನೋ ಅಂಕಿ ನಡೆದು ಬಂದು ಬೆಂಚಿನ ಮೇಲೆ ಕೂತವರ ನಡುವಿನದ್ದು.

ಮೂರನೆಯದು, ಹೋಲಿಕೆಯ ಊರು. 1.37 ಪಿಪಿಬಿ ಕಡಿಮೆಯೇ, ಆದರೆ ಸೊನ್ನೆ ಅಲ್ಲ. ಇಬ್ಬರೂ ಒಂದೇ ತೋಡಿನಲ್ಲಿ ಕಾಲಿಟ್ಟು ನಿಂತಾಗ, ಯಾರ ಕಾಲು ಹೆಚ್ಚು ಒದ್ದೆ ಅಂತ ನೋಡಿದ ಹಾಗೆ. ವ್ಯತ್ಯಾಸ ಇದ್ದದ್ದಕ್ಕಿಂತ ಸಣ್ಣದಾಗಿಯೇ ಕಾಣುತ್ತೆ. ಸಾಲದ್ದಕ್ಕೆ ರಕ್ತ ತೆಗೆದದ್ದು ಸಿಂಪಡಣೆ ನಿಂತ ಮೇಲೆ. ಹುಡುಗ ತಾಯಿಯ ಹೊಟ್ಟೆಯಲ್ಲಿದ್ದಾಗ ಎಷ್ಟು ಇತ್ತು ಅನ್ನೋದನ್ನು ಹದಿನೈದು ವರ್ಷದ ನಂತರದ ರಕ್ತ ಹೇಳಲ್ಲ.

ಇವೆಲ್ಲ ಸಂಶೋಧಕರ ತಪ್ಪಲ್ಲ, ಅವರಿಗಿದ್ದ ಮಿತಿ. ತಪ್ಪು ಶುರುವಾಗೋದು ಆಮೇಲೆ. ಮರುವರ್ಷ ಅದೇ ಪತ್ರಿಕೆಗೆ ಡೇಟಾ ಸರಿಯಿಲ್ಲ ಅಂತ ಆಕ್ಷೇಪದ ಪತ್ರಗಳು ಬಂದವು. ಕೇಂದ್ರ ಸರ್ಕಾರ ನೇಮಿಸಿದ ದುಬೆ ಸಮಿತಿ ಎಂಡೋಸಲ್ಫಾನಿಗೂ ಪಡ್ರೆಯ ಕಾಯಿಲೆಗಳಿಗೂ ಕೊಂಡಿ ಕಾಣಲ್ಲ ಅಂದಿತು. ಅದಾದ ಮೇಲೆ ಮಾಯೀ ಸಮಿತಿ. 'ಸಾಬೀತಾಗಿಲ್ಲ' ಅನ್ನೋ ಮಾತು ಒಂದು ಫೈಲಿನಿಂದ ಇನ್ನೊಂದು ಫೈಲಿಗೆ ಹೋಗುತ್ತಾ ಹೋಗುತ್ತಾ 'ಆಗಿಲ್ಲ' ಅಂತಾಗಿಬಿಡ್ತು. ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದು, ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ತಡೆ ಹಾಕಿದ್ದು 2011ರಲ್ಲಿ. ಪ್ರಬಂಧ ಬಂದು ಎಂಟು ವರ್ಷ ಆಗಿತ್ತು.

ಇಲ್ಲಿ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಅದೇ ಆಟ ಆಡಿದ ಹಾಗಾಗುತ್ತೆ. 2013ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಇಬ್ಬರು 'ಇಪಿಡಬ್ಲ್ಯೂ' ವಾರಪತ್ರಿಕೆಯಲ್ಲಿ ಕಾಸರಗೋಡಿನ ಆರೋಗ್ಯ ಅಧ್ಯಯನಗಳ ವಿಧಾನವನ್ನೇ ಪ್ರಶ್ನಿಸಿ ಬರೆದರು. ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರಶ್ನೆ ಕೇಳೋದು ತಪ್ಪಲ್ಲ. ಸಂತ್ರಸ್ತರ ಪಟ್ಟಿಗಳು ಬಹಳಷ್ಟು ತಯಾರಾದದ್ದು ವೈದ್ಯಕೀಯ ಶಿಬಿರಗಳಲ್ಲಿ. ಪರಿಹಾರ ಸಿಗುವ ಶಿಬಿರಕ್ಕೆ ಎಲ್ಲ ಥರದ ಕಾಯಿಲೆಯವರೂ ಬರ್ತಾರೆ, ಬರಲೇಬೇಕು. ಬಡವರಿಗೆ ಸರ್ಕಾರ ಒಂದು ಬಾಗಿಲು ತೆರೆದರೆ ಸಾಲು ಉದ್ದ ಆಗೋದು ಸಹಜ. ಅಂಥ ಪಟ್ಟಿಯಿಂದ 'ಈ ಊರಲ್ಲಿ ಇಷ್ಟು ಶೇಕಡಾ' ಅಂತ ಹೇಳಕ್ಕಾಗಲ್ಲ. ಶಾಲೆಯ ಪಟ್ಟಿ ಕಡಿಮೆ ತೋರಿಸಿದರೆ ಶಿಬಿರದ ಪಟ್ಟಿ ಹೆಚ್ಚು ತೋರಿಸುತ್ತೆ. ಅದಕ್ಕೆ ಬೇಕಿದ್ದದ್ದು ಮನೆಮನೆಗೆ ಹೋಗಿ, ಸಿಂಪಡಣೆ ನಡೆದ ಊರು ನಡೆಯದ ಊರು ಎರಡರಲ್ಲೂ, ವರ್ಷಗಟ್ಟಲೆ ಬೆನ್ನು ಹತ್ತಿ ಮಾಡುವ ಕೆಲಸ.

ಆದರೂ ಈ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ. ಇಬ್ಬರ ಪ್ರಶ್ನೆಯೂ 'ಕಾರಣ ಏನು?' ಅನ್ನೋದೇ. ಕಾರಣ ಗೊತ್ತಾದರೆ ಯಾರು ದುಡ್ಡು ಕೊಡಬೇಕು ಅನ್ನೋದು ತೀರ್ಮಾನ ಆಗುತ್ತೆ. ಕೋರ್ಟಿಗೆ, ಕಂಪನಿಗೆ, ಸರ್ಕಾರಕ್ಕೆ, ಹೋರಾಟಗಾರರಿಗೆ ಅದೇ ಮುಖ್ಯ. ಬೇಡ ಅಂತ ಹೇಳ್ತಿಲ್ಲ. ಆದರೆ ಆ ಮನೆಯೊಳಗಿನ ಪ್ರಶ್ನೆ ಬೇರೆ: 'ನಾನು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ?'

ಸುಮ್ಮನೆ ವಯಸ್ಸಿನ ಲೆಕ್ಕ ಹಾಕಿ. 1985ರಲ್ಲಿ ಹುಟ್ಟಿದ ಮಗುವಿಗೆ ಈಗ ನಲವತ್ತರ ಆಸುಪಾಸು, ಅಂದರೆ ಈ ಅಂಕಣ ಓದ್ತಿರೋ ನಿಮ್ಮಲ್ಲಿ ಕೆಲವರಿಗಿಂತ ಸ್ವಲ್ಪ ದೊಡ್ಡವನು. ತಾಯಿಗೆ ಅರವತ್ತು, ಅರವತ್ತೈದು. ಪೇಪರಿನಲ್ಲಿ ಇವತ್ತಿಗೂ 'ಎಂಡೋ ಮಕ್ಕಳು' ಅಂತ ಬರೀತಾರೆ. ಅವರು ಮಕ್ಕಳಲ್ಲ. ನಲವತ್ತೈದು ಕಿಲೋ ತೂಗುವ, ಎತ್ತಿ ಸ್ನಾನ ಮಾಡಿಸಬೇಕಾದ, ಎತ್ತಿ ಹಾಸಿಗೆಗೆ ಹಾಕಬೇಕಾದ ದೊಡ್ಡವರು. ಎತ್ತುವವಳಿಗೆ ಮಂಡಿನೋವು.

ಔದ್ಯೋಗಿಕ ಆರೋಗ್ಯ ಅನ್ನೋ ಮಾತಿಗೆ ನನ್ನ ದೊಡ್ಡ ಜಗಳ ಇರೋದು ಇಲ್ಲಿ. 1971ರ ಕೀಟನಾಶಕ ನಿಯಮಗಳಲ್ಲಿ ಸಿಂಪಡಿಸೋ ಕೆಲಸಗಾರನಿಗೆ ರಕ್ಷಣೆಯ ಉಡುಪು ಕೊಡಬೇಕು, ಆಗಾಗ ವೈದ್ಯರಿಂದ ತಪಾಸಣೆ ಮಾಡಿಸಬೇಕು ಅಂತಿದೆ. ಕೆಲಸ ಅಂದರೆ ಕಾನೂನಿಗೆ ಅರ್ಥ ಆಗೋದು ಅಷ್ಟೇ, ಸಂಬಳದ ರಿಜಿಸ್ಟರಿನಲ್ಲಿ ಹೆಸರಿರೋ ಕೆಲಸ. ವಿಷದ ಕೆಳಗೆ ಸಂಬಳ ಇಲ್ಲದೆ ಬದುಕಿದವರು ಆ ಲೆಕ್ಕದಲ್ಲಿ ಬರಲಿಲ್ಲ. ಆ ವಿಷದ ನಂತರ ಸಂಬಳ ಇಲ್ಲದೆ ನಲವತ್ತು ವರ್ಷ ಆರೈಕೆ ಮಾಡಿದವರೂ ಬರಲಿಲ್ಲ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗದಲ್ಲಿ ಭಾರ ಎತ್ತೋದಕ್ಕೆ ಒಂದು ಮಿತಿ ಹೇಳುತ್ತೆ: ಎಲ್ಲ ಅನುಕೂಲ ಇದ್ದಾಗಲೂ 23 ಕಿಲೋ. ಗೋಡೌನಿನ ಹಮಾಲಿಗೂ ಈ ಅಳತೆ ಇದೆ. ಪಡ್ರೆಯ ತಾಯಿ ದಿನಕ್ಕೆ ಎಷ್ಟು ಸಲ, ಎಷ್ಟು ಕಿಲೋ, ಯಾವ ಭಂಗಿಯಲ್ಲಿ ಎತ್ತುತ್ತಾಳೆ ಅನ್ನೋದು ಈ ಇಡೀ ಜಗಳದಲ್ಲಿ ಯಾವ ಕಡೆಯವರ ವಾದಕ್ಕೂ ಬೇಕಾಗಲಿಲ್ಲ.

ಗಡಿಯ ಈಚೆಗೂ ಇದೇ ಕಥೆ. ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಅದೇ ಎಂಡೋಸಲ್ಫಾನ್ ಬಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಊರುಗಳ ಹೆಸರು ಕೇಳಿರ್ತೀರಿ. ಧರ್ಮಸ್ಥಳಕ್ಕೆ ಹೋಗುವಾಗ ಆ ದಾರಿಯಲ್ಲೇ ಹೋಗಿರ್ತೀರಿ. ಹೋರಾಟ ನಡೆದು, ಹೈಕೋರ್ಟು ಮಧ್ಯ ಬಂದು, ಮಾಸಾಶನ ಬಂತು, ಕೊಕ್ಕಡ ಮತ್ತು ಕೊಯಿಲದಲ್ಲಿ ಡೇ-ಕೇರ್ ಕೇಂದ್ರಗಳು ಬಂದವು. ಅದು ಸಣ್ಣ ಗೆಲುವಲ್ಲ. ಆದರೆ ಮಾಸಾಶನ ನಿಂತಿರೋದು ಅಂಗವೈಕಲ್ಯದ ಶೇಕಡಾವಾರಿನ ಮೇಲೆ. ಆ ಶೇಕಡಾ ಅಳೆಯೋದು ಮಗನ ದೇಹವನ್ನು, ತಾಯಿಯ ದಿನವನ್ನಲ್ಲ. ಕೈಕಾಲು ಚೆನ್ನಾಗಿದ್ದು, ಬಾಗಿಲು ತೆರೆದಿದ್ದರೆ ಓಡಿಹೋಗಿ ಬಾವಿಗೆ ಬೀಳಬಹುದಾದ ಹುಡುಗನ ಶೇಕಡಾ ಕಡಿಮೆ ಬರಬಹುದು. ಅವನ ಹಿಂದೆ ಇಡೀ ದಿನ ಒಬ್ಬರು ಇರಲೇಬೇಕು. ಆ ಒಬ್ಬರು ಕೂಲಿಗೆ ಹೋಗಲ್ಲ, ಮದುವೆಗೆ ಹೋಗಲ್ಲ, ತಮಗೇ ಜ್ವರ ಬಂದರೂ ಆಸ್ಪತ್ರೆಗೆ ಹೋಗಲ್ಲ. ಡೇ-ಕೇರ್ ಅಂದರೆ ಹಗಲು. ರಾತ್ರಿ ಫಿಟ್ಸ್ ಬಂದರೆ?

ಸಂತ್ರಸ್ತರು ಏನು ಕೇಳ್ತಿದ್ದಾರೆ ಅಂತ ಕಿವಿಗೊಟ್ಟರೆ ಇದು ಸ್ಪಷ್ಟವಾಗಿಯೇ ಕೇಳಿಸುತ್ತೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ ಐದು ಲಕ್ಷ ಕೊಡಿ ಅಂದಿತು, ಜೀವನಪರ್ಯಂತದ ಚಿಕಿತ್ಸೆಯ ಬಗ್ಗೆಯೂ ಯೋಚಿಸಿ ಅಂದಿತು. ಐದು ವರ್ಷ ಕಳೆದರೂ ದುಡ್ಡು ಬಾರದೆ ಎಂಟು ಜನ ಮತ್ತೆ ಕೋರ್ಟಿಗೆ ಹೋದರು. ಸರ್ಕಾರ ಆ ಎಂಟು ಜನರಿಗೆ ಕೊಟ್ಟಿತು. ಉಳಿದವರೆಲ್ಲ ಕೋರ್ಟಿಗೆ ಬಂದಾಗ ಮಾತ್ರ ಕೊಡ್ತೀರಾ ಅನ್ನೋ ಅರ್ಥದಲ್ಲಿ 2022ರ ಮೇನಲ್ಲಿ ಕೋರ್ಟು ಬೈಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ತಿರುವನಂತಪುರದಲ್ಲಿ ಉಪವಾಸ ಕೂತರು. ಅವರ ಬೇಡಿಕೆಗಳಲ್ಲಿ ಒಂದು ಜಿಲ್ಲೆಗೆ ಒಳ್ಳೆಯ ಆಸ್ಪತ್ರೆ, ಇನ್ನೊಂದು ಪಂಚಾಯತಿಗಳಲ್ಲಿ ಹಗಲು ಆರೈಕೆ ಕೇಂದ್ರ. ಇಪ್ಪತ್ತು ವರ್ಷದ ವಾದವಿವಾದ ಆದ ಮೇಲೆ ಜನ ಕೇಳಿದ್ದು ನೋಡ್ಕೊಳ್ಳೋಕೆ ಕೈಗಳನ್ನು.

ತಮಾಷೆ ಅಂದರೆ, ಈ ಪ್ರಶ್ನೆಗೆ ಉತ್ತರ ಹುಡುಕೋದು ಸುಲಭ. ಆರೈಕೆ ಮಾಡುವವರ ಹೊರೆ ಅಳೆಯೋಕೆ 1980ರಿಂದಲೇ ಜರಿಟ್ ಅನ್ನೋರ ಪ್ರಶ್ನಾವಳಿ ಇದೆ. ಪಟ್ಟಿಯಲ್ಲಿರೋ ಮನೆಗಳಿಗೆ ಹೋಗಿ ಕೇಳಬೇಕು. ಆರೈಕೆ ಮಾಡೋರ ವಯಸ್ಸೆಷ್ಟು, ರಾತ್ರಿ ಎಷ್ಟು ಸಲ ಏಳ್ತಾರೆ, ಬೆನ್ನು ಹೇಗಿದೆ, ಯಾರು ಕೆಲಸ ಬಿಟ್ಟರು, ಅಕ್ಕತಂಗಿಯರ ಮದುವೆ ಏನಾಯ್ತು, ಇವರಿಗೆ ಏನಾದರೂ ಆದರೆ ಮುಂದಿನ ಕೈ ಯಾರದ್ದು? ಇದಕ್ಕೆ ಹೋಲಿಕೆಯ ಊರು ಬೇಕಿಲ್ಲ, ಪಿಪಿಬಿ ಬೇಕಿಲ್ಲ, ಮುನ್ನೂರು ಹುಡುಗರು ಬೇಕಿಲ್ಲ. ಒಂದು ಪಂಚಾಯತಿಗೆ ರಾತ್ರಿಪಾಳಿಗೆ ಎಷ್ಟು ಜನ ಬೇಕು, ಇನ್ನು ಹತ್ತು ವರ್ಷಕ್ಕೆ ಎಷ್ಟು ಹಾಸಿಗೆ ಬೇಕು ಅನ್ನೋದು ಅದರಿಂದಲೇ ಬರುತ್ತೆ. ಕಾಯಿಲೆಗೆ ಕಾರಣ ಎಂಡೋಸಲ್ಫಾನೋ ಬೇರೆಯದೋ ಅನ್ನೋ ವಾದ ಮುಂದುವರೀಲಿ. ಹಾಸಿಗೆ ಎಷ್ಟು ಬೇಕು ಅನ್ನೋದು ಆ ವಾದದ ಮೇಲೆ ನಿಂತಿಲ್ಲ.

ನಮ್ಮಂಥವರು ದಿನಾ ಡ್ಯಾಶ್‌ಬೋರ್ಡ್ ಮಾಡ್ತೀವಿ. ಯಾವ ಅಂಕಿ ಮೇಲಿರಬೇಕು, ಯಾವುದು ಬೇಡ ಅಂತ ಮೀಟಿಂಗಿನಲ್ಲಿ ತೀರ್ಮಾನ ಮಾಡ್ತೀವಿ. ಮುಂದಿನ ಸಲ ಯಾರಾದರೂ 'ಸಿಗ್ನಿಫಿಕೆಂಟ್ ಅಲ್ಲ' ಅಂದಾಗ ಎರಡು ಪ್ರಶ್ನೆ ಕೇಳಿ. ಎಷ್ಟು ಜನರನ್ನು ನೋಡಿ ಹೇಳ್ತಿದ್ದೀರಿ? ಆ ದಿನ ಬೆಂಚಿನ ಮೇಲೆ ಕೂರೋಕೆ ಬರಲಾಗದವರು ಎಲ್ಲಿದ್ದರು?

ಆ ಆರು ಹುಡುಗರಿಗೆ ಈಗ ಮೂವತ್ತು ದಾಟಿರುತ್ತೆ. ಆ ಒಬ್ಬನಿಗೂ.